ಹಳೆ ಕಂಪ್ಯೂಟರಿಗೆ ಮೊದಲು ತಾರೀಖು ಕೇಳಿ

ಕೇಳುಗರಿಗೆಲ್ಲ ನಮಸ್ಕಾರ.

ಹಳೆಯ ಡೆಸ್ಕ್‌ಟಾಪ್ ಕಂಪ್ಯೂಟರನ್ನು ಮತ್ತೆ ಜೋಡಿಸಿ ಕೆಲಸಕ್ಕೆ ಹಚ್ಚುವುದು ಹೇಗೆ ಅಂತ ತಿಳಿಸಿ ಎಂದು ಆಕಾಶವಾಣಿ ಹಾಸನದವರು ಕರೆದಿದ್ದಾರೆ. ಹದಿನೈದು ನಿಮಿಷ ಕೊಟ್ಟಿದ್ದಾರೆ. ಪಾಲಿಟೆಕ್ನಿಕ್ ಲ್ಯಾಬಿನಲ್ಲಿ ಇದನ್ನೇ ಸೆಮಿಸ್ಟರ್ ಪೂರ್ತಿ ಹೇಳಿಕೊಂಡು ಬಂದವನು ನಾನು. ಆಗಲೂ ಹುಡುಗರ ತಲೆಯಲ್ಲಿ ಉಳಿಯುತ್ತಿದ್ದದ್ದು ಒಂದೇ ಮಾತು. ಇವತ್ತೂ ಅದನ್ನೇ ಹೇಳುತ್ತೇನೆ: ಹಳೆ ಕಂಪ್ಯೂಟರ್ ಆನ್ ಆದ ಕೂಡಲೇ ಬೇರೇನನ್ನೂ ಮುಟ್ಟಬೇಡಿ, ಮೊದಲು ತಾರೀಖು ನೋಡಿ.

ಇದನ್ನು ಯಾರು ಕೇಳುತ್ತಿರಬಹುದು ಅಂತ ಬರುವಾಗ ಬಸ್ಸಿನಲ್ಲಿ ಯೋಚನೆ ಮಾಡಿದೆ. ಆಲೂರು ಕಡೆ ಹಾಲಿನ ಡೈರಿಯ ಕಾರ್ಯದರ್ಶಿ ಒಬ್ಬರು. ಬೇಲೂರಿನಲ್ಲಿ ಹೊಲಿಗೆ ಮಿಷನ್ ಪಕ್ಕ ರೇಡಿಯೋ ಇಟ್ಟುಕೊಂಡ ಅಕ್ಕ, ಅವರ ಮಗಳು ಪಿಯುಸಿ. ಅರಸೀಕೆರೆಯಲ್ಲಿ ನಿವೃತ್ತ ಮೇಷ್ಟ್ರು. ಅವರ ಮಗ ಬೆಂಗಳೂರಿನಿಂದ ಬರುವಾಗ ಆಫೀಸಿನಲ್ಲಿ ತೆಗೆದುಹಾಕಿದ ಕಂಪ್ಯೂಟರನ್ನು ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ತಂದು, "ಅಪ್ಪ, ಇದು ನಿಮಗೆ ಸಾಕು" ಅಂತ ಇಟ್ಟು ಹೋಗಿದ್ದಾನೆ. ನೀವೆಲ್ಲ ಅದರ ಡಬ್ಬಕ್ಕೆ ಸಿಪಿಯು ಅಂತೀರಿ. ಸಿಪಿಯು ಅಂದರೆ ಒಳಗಿರುವ ಒಂದು ಚಿಪ್ ಮಾತ್ರ. ಆದರೂ ಇರಲಿ, ಇಡೀ ಜಿಲ್ಲೆ ಹಾಗೇ ಕರೆಯುವಾಗ ನಾನೊಬ್ಬ ತಿದ್ದಿ ಏನು ಪ್ರಯೋಜನ.

ವೈರು ಚುಚ್ಚುವುದಕ್ಕೆ ಯಾರ ಪಾಠವೂ ಬೇಡ, ಬಣ್ಣ ನೋಡಿ ಸಾಕು. ಗುಂಡನೆಯ ಪಿನ್ನಿನ ಹಳೆ ಕೀಬೋರ್ಡು ನೇರಳೆ ಬಣ್ಣದ ತೂತಿಗೆ, ಮೌಸು ಹಸಿರಿಗೆ. ಮಾನಿಟರಿನದು ನೀಲಿ, ಹದಿನೈದು ಪಿನ್ನಿನದು. ತಪ್ಪು ತೂತಿಗೆ ಬಲವಂತ ಮಾಡಿದರೆ ಪಿನ್ನು ಬಾಗುತ್ತದೆ, ಅಷ್ಟೇ. ಒಂದು ಮಾತ್ರ ಕಣ್ಣಿಟ್ಟು ನೋಡಬೇಕು. ಹಿಂದುಗಡೆ ಕರೆಂಟಿನ ವೈರು ಕೂರುವ ಜಾಗದ ಪಕ್ಕ ಪುಟ್ಟದೊಂದು ಕೆಂಪು ಸ್ವಿಚ್ಚಿದ್ದರೆ ಅದರ ಮೇಲೆ 230 ಅಂತ ಕಾಣಬೇಕು. 115 ಅಂತ ಕಂಡರೆ ಉಗುರಿನಿಂದ ಸರಿಸಿ. ಅದು ಅಮೆರಿಕದ ಕರೆಂಟಿನ ಲೆಕ್ಕ. ಹಾಗೇ ಸ್ವಿಚ್ ಹಾಕಿದರೆ ಢಬ್ ಅಂತ ಒಂದು ಸದ್ದು, ಸುಟ್ಟ ವಾಸನೆ, ಅಲ್ಲಿಗೆ ಒಳಗೆ ಕರೆಂಟು ಒದಗಿಸುವ ಎಸ್‌ಎಂಪಿಎಸ್ ಕಥೆ ಮುಗಿಯಿತು. ಮತ್ತೆ ಮೂರು ಪಿನ್ನಿನ ಪ್ಲಗ್ಗಿನಲ್ಲಿ ಮೇಲಿನ ದಪ್ಪ ಪಿನ್ನು ಮುರಿದು ಎರಡು ಪಿನ್ನಿನ ಸಾಕೆಟ್ಟಿಗೆ ತೂರಿಸುವ ಜಾಣರಿದ್ದಾರೆ. ಡಬ್ಬ ಮುಟ್ಟಿದರೆ ಜುಂ ಅನ್ನುತ್ತದೆ ಸಾರ್ ಅಂತ ಆಮೇಲೆ ನನಗೇ ಫೋನು ಮಾಡುವವರೂ ಅವರೇ. ಅರ್ಥಿಂಗ್ ಇಲ್ಲದಿದ್ದರೆ ಜುಂ ಅನ್ನದೆ ಇನ್ನೇನು?

ಈಗ ತಾರೀಖಿಗೆ ಬರೋಣ.

ಸಕಲೇಶಪುರ ದಾಟಿ ಹಾನುಬಾಳು ಕಡೆ ಒಂದು ಕಾಫಿ ತೋಟ. ಅಲ್ಲಿ ಲೆಕ್ಕ ಬರೆಯುವ ರೈಟ್ರು ನನಗೆ ಹಳೆಯ ಪರಿಚಯ. ಪುನರ್ವಸು ಮಳೆ ಬಿಟ್ಟೂ ಬಿಡದೆ ಹೊಡೆಯುತ್ತಿದ್ದ ಸಮಯ, ಅವರ ಫೋನು ಬಂತು. "ಸಾರ್, ನಮ್ ಕಂಪ್ಯೂಟ್ರಿಗೆ ಏನೋ ವೈರಸ್ ಹಿಡ್ಕೊಂಡಿದೆ. ಮೂರು ಸಲ ಫಾರ್ಮ್ಯಾಟ್ ಮಾಡ್ಸಿದ್ವಿ, ಮಾಡ್ಸಿದ ದಿನ ಚೆನ್ನಾಗಿರುತ್ತೆ, ಮಾರನೆ ದಿನ ಮತ್ತೆ ಅದೇ ಹಾಡು." ಒಂದೊಂದು ಸಲಕ್ಕೂ ದುಡ್ಡು ಕೊಟ್ಟಿದ್ದಾರೆ. ದುಡ್ಡು ಹಾಳಾಗಲಿ, ಮೊದಲನೆಯ ಸಲಕ್ಕೇ ಎರಡು ವರ್ಷದ ಚೆಕ್‌ರೋಲ್ ಅಳಿಸಿಹೋಗಿದೆ. ಯಾವ ಆಳು ಯಾವ ದಿನ ಬಂದ, ಎಷ್ಟು ಮುಂಗಡ ತೆಗೆದ, ಎಲ್ಲ. "ಒಳಗಿರೋದನ್ನ ಪೆನ್‌ಡ್ರೈವಿಗೆ ಹಾಕ್ಕೊಳ್ಳಿ ಅಂತ ಒಂದು ಮಾತು ಹೇಳ್ಬಾರ್ದಿತ್ತಾ ಸಾರ್" ಅಂದರು. ಫಾರ್ಮ್ಯಾಟ್ ಮಾಡಿದವನು ಹೇಳಬೇಕಿತ್ತು. ನಾನು ಯಾರ ಹೆಸರನ್ನೂ ಎತ್ತುವುದಿಲ್ಲ. ಆದರೆ ಹೊಟ್ಟೆನೋವು ಅಂತ ಹೋದವನಿಗೆ ನಾಡಿ ಹಿಡಿದು ನೋಡದೆ ಹೊಟ್ಟೆ ಕೊಯ್ಯುವುದು ಯಾವ ವೈದ್ಯ?

ಹೋದೆ. ತೋಟದ ಆಫೀಸು ಅಂದರೆ ನಿಮಗೆ ಗೊತ್ತಲ್ಲ, ಒಂದು ಮೂಲೆಯಲ್ಲಿ ಗೋಣಿಚೀಲದ ಅಟ್ಟಿ, ಇನ್ನೊಂದು ಮೂಲೆಯಲ್ಲಿ ಕತ್ತಿ ಗುದ್ದಲಿ, ನಡುವೆ ಮೇಜು. ಕಂಪ್ಯೂಟರಿಗೆ ಹಳೇ ಟವಲಿನಲ್ಲಿ ಹೊಲಿದ ಅಂಗಿ. ಅಂಗಿ ತೆಗೆದು ಸ್ವಿಚ್ ಹಾಕಿದರು. ಕಪ್ಪು ಪರದೆ ಮೇಲೆ ಬಿಳಿ ಅಕ್ಷರದಲ್ಲಿ ಇಂಗ್ಲಿಷಿನ ಎರಡು ಸಾಲು ಬಂದು ನಿಂತವು. ನಾನು ಓದುವುದರೊಳಗೆ ರೈಟ್ರ ಬೆರಳು ಹೋಗಿ ಒಂದು ಗುಂಡಿ ಒತ್ತಿ ಆಗಿತ್ತು. ಮಾನಿಟರಿನ ಅಂಚಿನಲ್ಲಿ ಒಂದು ಚೀಟಿ ಅಂಟಿಸಿದ್ದರು. ದುಂಡನೆಯ ಅಕ್ಷರದಲ್ಲಿ, "ಬೆಳಿಗ್ಗೆ ಎಫ್ 1 ಒತ್ತುವುದು."

ಆ ಎರಡು ಸಾಲಿನಲ್ಲಿದ್ದದ್ದೇ ಕಾಯಿಲೆಯ ಹೆಸರು. ಸೀಮಾಸ್ ಚೆಕ್‌ಸಮ್ ಎರರ್. ನನ್ನ ನೆನಪಿನ ಶಕ್ತಿ ಹೋಗಿದೆ, ಗಡಿಯಾರ ನಿಂತಿದೆ, ನನ್ನನ್ನು ನೋಡಿ ಅಂತ ಆ ಯಂತ್ರ ದಿನಾ ಬೆಳಿಗ್ಗೆ ಬಾಯಿಬಿಟ್ಟು ಹೇಳುತ್ತಿದೆ. ಇವರು ದಿನಾ ಅದರ ಬಾಯಿ ಮುಚ್ಚಿಸುವುದಕ್ಕೆ ಚೀಟಿ ಬರೆದು ಅಂಟಿಸಿದ್ದಾರೆ!

ವಿಂಡೋಸ್ ಬಂತು. ಬಲಗಡೆ ಕೆಳಗಿನ ಮೂಲೆ ನೋಡಿದೆ. 1 ಜನವರಿ 2009.

"ರೈಟ್ರೇ, ಇವತ್ತು ತಾರೀಖೆಷ್ಟು?" ಅಂದೆ. ಅವರು ಗೋಡೆ ಕ್ಯಾಲೆಂಡರ್ ನೋಡಿ ಸರಿಯಾಗೇ ಹೇಳಿದರು. "ಮತ್ತೆ ಇದರಲ್ಲಿ?" ಅಂದೆ. "ಅದು ಹಂಗೇ ಸಾರ್, ಅದನ್ಯಾರು ನೋಡ್ತಾರೆ" ಅಂದರು.

ಬ್ಯಾಂಕಿನ ಸೈಟು ತೆರೆಯಲು ಹೋದರೆ, ನಿಮ್ಮ ಗಡಿಯಾರ ಹಿಂದೆ ಇದೆ ಅಂತ ಇಂಗ್ಲಿಷಿನಲ್ಲಿ ಬರುತ್ತಿತ್ತಂತೆ. ರೈಟ್ರು ಅದನ್ನು ಓದಿದ್ದಾರೆ, ಅರ್ಥವೂ ಆಗಿದೆ. ತಲೆಯೆತ್ತಿ ಗೋಡೆ ಗಡಿಯಾರ ನೋಡಿದ್ದಾರೆ. ಅದು ಸರಿಯಾಗೇ ಓಡುತ್ತಿತ್ತು. ಇದು ವೈರಸ್ಸಿನ ಸುಳ್ಳು ಅಂತ ತೀರ್ಮಾನ ಮಾಡಿದ್ದಾರೆ!

ಇದಕ್ಕಿಂತ ದೊಡ್ಡ ಫಜೀತಿ ಬಟವಾಡೆ ದಿನದ್ದು. ಬಟವಾಡೆ ಪಟ್ಟಿಯ ನೆತ್ತಿಯ ಮೇಲೆ ಇವತ್ತಿನ ತಾರೀಖು ತಾನಾಗೇ ಬೀಳುವ ಹಾಗೆ ಯಾರೋ ಎಕ್ಸೆಲ್ಲಿನಲ್ಲಿ ಸೂತ್ರ ಹಾಕಿಕೊಟ್ಟಿದ್ದರು. ಬಿದ್ದದ್ದು 2009. ಸಹಿ ಹಾಕಲು ಬಂದ ಹೆಣ್ಣಾಳು ಒಬ್ಬಳು ಪಟ್ಟಿ ನೋಡಿ, "ರೈಟ್ರೇ, ಈ ತಾರೀಕಲ್ಲಿ ನಂಗಿನ್ನೂ ಮದ್ವೇನೇ ಆಗಿರ್ಲಿಲ್ಲ, ಕೂಲಿ ಯಾತಕ್ಕೆ ಕೊಡ್ತಿದೀರ?" ಅಂದಳಂತೆ. ಆ ಇಡೀ ತೋಟದಲ್ಲಿ ತಾರೀಖು ನೋಡಿದ್ದು ಅವಳೊಬ್ಬಳೇ. ಅವಳನ್ನೇ ರಿಪೇರಿಗೆ ಕರೆದಿದ್ದರೆ ಮೂರು ಫಾರ್ಮ್ಯಾಟಿನ ದುಡ್ಡು ಉಳಿಯುತ್ತಿತ್ತು.

ಆಗಿದ್ದು ಇಷ್ಟು. ಕಂಪ್ಯೂಟರಿನ ಒಳಗಿನ ಮುಖ್ಯ ಹಲಗೆ, ಮದರ್‌ಬೋರ್ಡಿನ ಮೇಲೆ ಕೈಗಡಿಯಾರದಲ್ಲಿ ಇರುವಂಥದೇ ಒಂದು ಗಡಿಯಾರ ಇರುತ್ತದೆ. ಒಂದು ಸಣ್ಣ ಹರಳು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಆ ಸಂಖ್ಯೆಯನ್ನು ಹದಿನೈದು ಸಲ ಅರ್ಧ ಮಾಡುತ್ತಾ ಹೋಗಿ, ಸರಿಯಾಗಿ ಒಂದಕ್ಕೆ ಬಂದು ನಿಲ್ಲುತ್ತದೆ. ಆ ಒಂದೇ ಒಂದು ಸೆಕೆಂಡು. ಎಷ್ಟು ಚೆಂದ ನೋಡಿ. ಕರೆಂಟು ಇಲ್ಲದಾಗ ಈ ಗಡಿಯಾರವನ್ನು ಓಡಿಸುವುದು ಎಂಟಾಣೆ ನಾಣ್ಯದ ಹಾಗಿರುವ ಒಂದು ಸೆಲ್ಲು. 1981ರಲ್ಲಿ ಬಂದ ಐಬಿಎಂ ಪಿಸಿಯಲ್ಲಿ ಈ ಏರ್ಪಾಡೇ ಇರಲಿಲ್ಲ. ಆನ್ ಮಾಡಿದಾಗೆಲ್ಲ ಇವತ್ತು ತಾರೀಖೆಷ್ಟು ಅಂತ ಅದೇ ನಮ್ಮನ್ನು ಕೇಳುತ್ತಿತ್ತು. 1984ರ ಎಟಿ ಮಾದರಿಯಲ್ಲಿ ಬ್ಯಾಟರಿ ಗಡಿಯಾರ ಬಂತು, ಕೇಳುವುದು ನಿಂತಿತು. ಈಗ ಸೆಲ್ಲು ಸತ್ತರೆ ಯಂತ್ರ ಕೇಳುವುದೂ ಇಲ್ಲ, ತಪ್ಪು ತಾರೀಖನ್ನು ಧೈರ್ಯವಾಗಿ ತೋರಿಸಿಕೊಂಡು ಕೂತಿರುತ್ತದೆ. ಅದಕ್ಕೇ ನಾವು ಕೇಳಬೇಕು ಅನ್ನುವುದು.

ತಾರೀಖು ತಪ್ಪಿದರೆ ಬ್ಯಾಂಕಿಗೇನು ಅಂದಿರಾ? ಒಂದೊಂದು ಸೈಟಿಗೂ ಒಂದು ಗುರುತುಪತ್ರ ಇರುತ್ತದೆ, ಗಾಡಿಯ ಇನ್ಶೂರೆನ್ಸ್ ಹಾಗೆ. ಇಂಥ ದಿನದಿಂದ ಇಂಥ ದಿನದವರೆಗೆ. 2009ರಲ್ಲಿ ಕೂತ ಕಂಪ್ಯೂಟರಿಗೆ ಈ ವರ್ಷದ ಪತ್ರ ತೋರಿಸಿದರೆ, ಇದಿನ್ನೂ ಹುಟ್ಟೇ ಇಲ್ಲವಲ್ಲ ಅಂತ ಬಾಗಿಲು ಹಾಕುತ್ತದೆ. ಫಾರ್ಮ್ಯಾಟ್ ಮಾಡಿದ ದಿನ ಸರಿಯಾಗುತ್ತಿದ್ದದ್ದು ಯಾಕೆ? ವಿಂಡೋಸ್ ಹಾಕುವಾಗ ತಾರೀಖನ್ನೂ ಸರಿಮಾಡುತ್ತಿದ್ದರು, ಅದಕ್ಕೆ. ಸಂಜೆ ಮೇನ್ ಆಫ್ ಆಗುತ್ತಿದ್ದ ಹಾಗೇ ಮತ್ತೆ 2009.

ಹೌದು, ಮೇನ್ ಆಫ್. ಅಶ್ವಿನಿ ಭರಣಿ ಮಳೆಯ ಒಂದು ಸಿಡಿಲಿಗೆ ಆ ತೋಟದ ಟಿವಿ ಸುಟ್ಟಿತ್ತು. ಅಲ್ಲಿಂದ ವರ್ಷವಿಡೀ ಸಂಜೆಯಾದರೆ ಮೇನ್ ಇಳಿಸುವುದು ಅಭ್ಯಾಸ. ಗೋಡೆಯಲ್ಲಿ ಕರೆಂಟು ಇರುವಷ್ಟು ಹೊತ್ತು, ಕಂಪ್ಯೂಟರ್ ಆಫ್ ಆಗಿದ್ದರೂ ಗಡಿಯಾರ ಸೆಲ್ಲನ್ನು ಮುಟ್ಟುವುದಿಲ್ಲ. ಪ್ಲಗ್ ಕಿತ್ತರೆ ಅಥವಾ ಮೇನ್ ಇಳಿಸಿದರೆ ಪೂರ್ತಿ ಭಾರ ಸೆಲ್ಲಿನ ಮೇಲೆ. ನಮ್ಮ ಮಲೆನಾಡಿನ ಕಂಪ್ಯೂಟರುಗಳಲ್ಲಿ ಸೆಲ್ಲು ಬೇಗ ಸಾಯುವುದು ಇದಕ್ಕೇ. ಪ್ಲಗ್ ಕೀಳಬೇಡಿ ಅಂತ ನಾನು ಹೇಳುವುದಿಲ್ಲ, ಗುಡುಗು ಬಂದರೆ ಕೀಳಲೇಬೇಕು. ಸೆಲ್ಲು ಬದಲಾಯಿಸಿ ಅಂತೀನಿ.

ಅವತ್ತು ನನ್ನ ಚೀಲದಲ್ಲಿ ಸೆಲ್ಲು ಇರಲಿಲ್ಲ. ಸಾಹುಕಾರ್ರ ಕಾರು ಅಂಗಳದಲ್ಲಿ ನಿಂತಿತ್ತು. "ಸ್ವಲ್ಪ ನಿಮ್ಮ ಕಾರಿನ ಕೀ ಕೊಡಿ" ಅಂದೆ. ರಿಮೋಟಿನ ಬೆನ್ನು ಬಿಚ್ಚಿದರೆ ಅದೇ ನಂಬರಿನ ಸೆಲ್ಲು. ಕಂಪ್ಯೂಟರಿಗೆ ಹಾಕಿ ತಾರೀಖು ಸರಿಮಾಡಿದೆ, ಮೇನ್ ಇಳಿಸಿದೆ, ಕಾಫಿ ಕುಡಿದೆವು, ಮೇನ್ ಏರಿಸಿದೆ. ತಾರೀಖು ಅಲ್ಲೇ ಇತ್ತು. ಬ್ಯಾಂಕು ತೆರೆಯಿತು. ರೈಟ್ರು ಮಾತಿಲ್ಲದೆ ಚೀಟಿ ಕಿತ್ತು ಮಡಚಿ ಜೇಬಿಗೆ ಹಾಕಿಕೊಂಡರು. ಸಾಹುಕಾರ್ರ ಚಿಂತೆ ಮಾತ್ರ ಬೇರೆ, "ಈಗ ನನ್ ಕಾರ್ ಲಾಕ್ ಆಗೋದು ಹೆಂಗೆ?"

ನಂಬರು ಬರೆದುಕೊಳ್ಳಿ. ಸಿಆರ್ 2032. 20 ಅಂದರೆ ಇಪ್ಪತ್ತು ಮಿಲಿಮೀಟರ್ ಅಗಲ, 32 ಅಂದರೆ 3.2 ಮಿಲಿಮೀಟರ್ ದಪ್ಪ. ಮೂರು ವೋಲ್ಟ್. ಕಟ್ಟಿನಕೆರೆ ಮಾರ್ಕೆಟ್ಟಿನ ಸುತ್ತ ವಾಚು ರಿಪೇರಿಯವರ ಹತ್ತಿರ ಕೇಳಿದರೂ ಸಿಗುತ್ತದೆ, ಕಾಫಿ-ದೋಸೆಯ ದುಡ್ಡು. ಪ್ಲಗ್ ಕಿತ್ತು, ಡಬ್ಬದ ಪಕ್ಕದ ಮುಚ್ಚಳ ತೆಗೆದು, ಬೋರ್ಡಿನ ಮೇಲೆ ಹೊಳೆಯುವ ಬಿಲ್ಲೆ ಹುಡುಕಿ. ಪಕ್ಕದ ಪುಟ್ಟ ನಾಲಿಗೆಯನ್ನು ಒತ್ತಿದರೆ ತಾನೇ ಎದ್ದು ಬರುತ್ತದೆ. ಹೊಸದನ್ನು ಅಕ್ಷರ ಇರುವ ಮಗ್ಗುಲು ಮೇಲೆ ಬರುವಂತೆ ಕೂರಿಸಿ. ತೆಗೆದ ಸೆಲ್ಲನ್ನು ಮೇಜಿನ ಮೇಲೆ ಬಿಡಬೇಡಿ. ಇದನ್ನು ಗಟ್ಟಿಯಾಗಿ ಹೇಳುತ್ತೇನೆ. ಮಗು ನುಂಗಿದರೆ ಅನ್ನನಾಳದಲ್ಲಿ ಸಿಕ್ಕಿಕೊಂಡು ಎರಡು ಗಂಟೆಯೊಳಗೇ ಸುಡಲು ಶುರುಮಾಡುತ್ತದೆ. ನಾಳೆ ನೋಡೋಣ ಅನ್ನದೆ ಆಗಲೇ ಆಸ್ಪತ್ರೆಗೆ ಓಡಬೇಕು.

ಸೆಲ್ಲು ಹಾಕಿ ಆನ್ ಮಾಡುತ್ತಿದ್ದ ಹಾಗೇ ಡಿಲೀಟ್ ಗುಂಡಿಯನ್ನು ಟಕಟಕ ಒತ್ತುತ್ತಾ ಇರಿ. ಅದಕ್ಕೆ ಬಗ್ಗದಿದ್ದರೆ ಎಫ್ 2. ಬಯಾಸ್, ಅಂದರೆ ವಿಂಡೋಸಿಗೂ ಮೊದಲಿನ ಸೆಟ್ಟಿಂಗಿನ ಪರದೆ ಬರುತ್ತದೆ. ತಾರೀಖು ಹಾಕುವಾಗ ಜೋಕೆ, ಅಲ್ಲಿ ಮೊದಲು ತಿಂಗಳು, ಆಮೇಲೆ ದಿನ. ಆಗಸ್ಟ್ 5 ಅಂತ ನಮ್ಮ ರೂಢಿಯಲ್ಲಿ ಹಾಕಿದರೆ ಅದು ಮೇ 8 ಅಂತ ಓದಿಕೊಳ್ಳುತ್ತದೆ. ನನ್ನ ವಿದ್ಯಾರ್ಥಿಗಳೇ ಇಲ್ಲಿ ಬಿದ್ದಿದ್ದಾರೆ. ಎಫ್ 10 ಒತ್ತಿ ಉಳಿಸಿ ಹೊರಗೆ ಬನ್ನಿ.

ಅಯ್ಯೋ, ಬರೆದು ತಂದ ಹಾಳೆ ಇನ್ನೂ ಒಂದು ಉಳಿದಿದೆ, ಸಮಯ ಉಳಿದಿಲ್ಲ. ಓಡುತ್ತೇನೆ. ಪರದೆ ಬರದೆ ಬರೀ ಬೀಪ್ ಬೀಪ್ ಅಂದರೆ ಒಳಗಿನ ನೆನಪಿನ ಪಟ್ಟಿಯಾದ ರ‍್ಯಾಮ್ ಕಿತ್ತು, ಅದರ ಚಿನ್ನದ ಬಣ್ಣದ ಹಲ್ಲುಗಳನ್ನು ಮಕ್ಕಳ ರಬ್ಬರಿನಿಂದ ಉಜ್ಜಿ, ಪುಡಿ ಊದಿ, ಮತ್ತೆ ಕೂರಿಸಿ. ಮಳೆಗಾಲದ ಥಂಡಿಗೆ ನಮ್ಮ ಕಡೆ ಅದು ಮಾಮೂಲು. ನಿಧಾನ ಅಂದರೆ ಹಳೆ ಹಾರ್ಡ್ ಡಿಸ್ಕ್ ತೆಗೆದು ಅದರ ಜಾಗಕ್ಕೆ ತಿರುಗುವ ತಟ್ಟೆಯಿಲ್ಲದ, ಚುರುಕಾದ ಎಸ್‌ಎಸ್‌ಡಿ ಹಾಕಿಸಿ, 240 ಜಿಬಿ ಸಾಕು. ಕಂಪ್ಯೂಟರೇ ಬದಲಾಯಿತೇನೋ ಅನ್ನಿಸುತ್ತದೆ. ವಿಂಡೋಸ್ 7ಕ್ಕೆ ಜನವರಿ 2020ರಲ್ಲೇ ಕಂಪನಿ ಕೈ ತೊಳೆದುಕೊಂಡಿದೆ, 10ಕ್ಕೆ ಅಕ್ಟೋಬರ್ 2025ರಲ್ಲಿ. 11 ನಿಮ್ಮ ಹಳೆ ಯಂತ್ರದ ಮೇಲೆ ಕೂರುವುದಿಲ್ಲ, ಒದ್ದಾಡಬೇಡಿ. ವಿಂಡೋಸ್ ಬದಲಿಗೆ ಲಿನಕ್ಸ್ ಮಿಂಟ್ ಹಾಕಿ. ಅದರ ಎಕ್ಸ್‌ಎಫ್‌ಸಿಇ ಅನ್ನುವ ಹಗುರವಾದ ಮಾದರಿ 4 ಜಿಬಿ ರ‍್ಯಾಮಿನಲ್ಲಿ ಆರಾಮಾಗಿ ಓಡುತ್ತದೆ, ಬಿಟ್ಟಿ ಬೇರೆ. ಕನ್ನಡ ಬರೆಯುವವರು ನುಡಿ ತಂತ್ರಾಂಶದ ಕೀಲಿಮಣೆಗೆ ಒಗ್ಗಿದ್ದರೆ ಅದೇ ಕೆ.ಪಿ. ರಾವ್ ವಿನ್ಯಾಸ ಲಿನಕ್ಸಿನಲ್ಲೂ ಇದೆ, ಬೆರಳಿಗೆ ಹೊಸ ಪಾಠ ಬೇಡ. ಅದನ್ನು ಹೊಂದಿಸುವುದು ಹೇಗೆ ಅನ್ನುವುದೇ ಇನ್ನೊಂದು ಹದಿನೈದು ನಿಮಿಷದ ಮಾತು, ಕರೆದರೆ ಬರುತ್ತೇನೆ.

ಮಿಂಟ್ ಹಾಕುವ ಮುಂಚೆ ಏನು ನೋಡಬೇಕು ಅಂತ ಮತ್ತೆ ನನಗೆ ಫೋನು ಮಾಡಬೇಡಿ. ಬಲಗಡೆ ಕೆಳಗಿನ ಮೂಲೆ ನೋಡಿ. ನಮಸ್ಕಾರ.