ಉಂಗುರ್ಯಾನು: ಬೆಟ್ಟ ದಾಟಿ ಬಂದವರಿಗೆ ಅಂಟಿಕೊಂಡ ಹೆಸರು

[ಪರದೆ: ರೊಮೇನಿಯಾದ ನಕ್ಷೆ. ಯಾಶ್ ಮತ್ತು ರೆಶಿತ್ಸಾ ಊರುಗಳ ಮೇಲೆ ಎರಡು ಚುಕ್ಕೆ.]

ನಮಸ್ಕಾರ ಸ್ನೇಹಿತರೇ. 1976ರ ಮಾಂಟ್ರಿಯಲ್ ಒಲಿಂಪಿಕ್ಸ್ ಅಂದ ತಕ್ಷಣ ಎಲ್ಲರೂ ಹೇಳುವ ಹೆಸರು ರೊಮೇನಿಯಾದ ಜಿಮ್ನಾಸ್ಟ್ ನಾದಿಯಾ ಕೊಮನೆಚಿ. ಅದೇ ತಂಡದಲ್ಲಿ ಇನ್ನೊಬ್ಬ ಹುಡುಗಿ ಇದ್ದಳು, ತೆಯೊದೊರಾ ಉಂಗುರ್ಯಾನು. ಬಾರ್ಸ್‌ನಲ್ಲಿ ಬೆಳ್ಳಿ, ಬೀಮ್‌ನಲ್ಲಿ ಕಂಚು ಗೆದ್ದವಳು. ಹುಟ್ಟಿದ್ದು ರೊಮೇನಿಯಾದ ನೈರುತ್ಯ ಮೂಲೆಯ ರೆಶಿತ್ಸಾದಲ್ಲಿ. ಈಗ 2012ಕ್ಕೆ ಬನ್ನಿ. ಆ ವರ್ಷ ಕೆಲವೇ ತಿಂಗಳು ಆ ದೇಶದ ಪ್ರಧಾನಿಯಾಗಿದ್ದವರು ಮಿಹಾಯ್ ರಜ್ವಾನ್ ಉಂಗುರ್ಯಾನು. ಅವರು ಹುಟ್ಟಿದ್ದು ಯಾಶ್‌ನಲ್ಲಿ, ದೇಶದ ಪೂರ್ವದ ತುದಿಯಲ್ಲಿ.

ಊರುಗಳು ಎರಡು ಮೂಲೆಯಲ್ಲಿವೆ, ಸರ್‌ನೇಮ್ ಮಾತ್ರ ಒಂದೇ. ಹಾಗಂತ ಇಬ್ಬರೂ ನೆಂಟರು ಅಂತ ಅಲ್ಲ. ಈ ಹೆಸರು ಒಂದೇ ಕುಟುಂಬದಿಂದ ಹರಡಿದ್ದಲ್ಲ, ಬೇರೆ ಬೇರೆ ಊರುಗಳಲ್ಲಿ, ಬೇರೆ ಬೇರೆ ಕಾಲದಲ್ಲಿ, ಒಬ್ಬರಿಗೊಬ್ಬರು ಗೊತ್ತೇ ಇಲ್ಲದ ಸಾವಿರಾರು ಮನೆಗಳಿಗೆ ಅಕ್ಕಪಕ್ಕದವರು ಇಟ್ಟ ಹೆಸರು. ಅಕ್ಕಪಕ್ಕದವರು ಅನ್ನುವ ಮಾತನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಈ ವಿಡಿಯೋ ಪೂರ್ತಿ ಅದರ ಮೇಲೆಯೇ ನಿಂತಿದೆ.

[ಪರದೆ: ಉಂಗುರ್ + ಯಾನು]

ಮೊದಲು ಹೆಸರನ್ನು ಬಿಡಿಸೋಣ. ರೊಮೇನಿಯನ್ ಭಾಷೆಯಲ್ಲಿ 'ಉಂಗುರ್' ಅಂದರೆ ಹಂಗೇರಿಯನ್. ಕೊನೆಯಲ್ಲಿ ಬರುವ 'ಯಾನು' ಇಂಥ ಕಡೆಯವನು ಅಂತ ಹೇಳುತ್ತದೆ. ಹಾಗಾಗಿ ತುಂಬಾ ಜನ, ರೊಮೇನಿಯಾದವರೂ ಸೇರಿ, ಉಂಗುರ್ಯಾನು ಅಂದರೆ ಹಂಗೇರಿಯನ್ ಮೂಲದ ಕುಟುಂಬ ಅಂದುಕೊಳ್ಳುತ್ತಾರೆ. ಹೆಚ್ಚಿನ ಮನೆಗಳ ಮಟ್ಟಿಗೆ ಇದು ನಿಜವಲ್ಲ. ಹಂಗೇರಿಯನ್ ಅಂತಲೇ ಹೇಳಬೇಕಿದ್ದರೆ 'ಉಂಗುರ್' ಅಂದರೆ ಸಾಕಿತ್ತು, ಆ ಸರ್‌ನೇಮ್ ಕೂಡ ಬೇರೆಯಾಗಿಯೇ ಇದೆ. 'ಉಂಗುರ್ಯಾನ್' ಅಂದರೆ ಉಂಗುರರ ನಾಡಿನ ಕಡೆಯಿಂದ ಬಂದವನು. ಬಂದವನು ರೊಮೇನಿಯನ್ ಭಾಷೆಯನ್ನೇ ಆಡುವವನು, ಆರ್ಥೊಡಾಕ್ಸ್ ಚರ್ಚಿಗೇ ಹೋಗುವವನು. ಅವನು ಬಿಟ್ಟುಬಂದ ನೆಲ ಮಾತ್ರ ಹಂಗೇರಿಯ ದೊರೆತನಕ್ಕೆ ಸೇರಿತ್ತು, ಅಷ್ಟೇ.

ಆ ನೆಲ ಯಾವುದು? ಟ್ರಾನ್ಸಿಲ್ವೇನಿಯಾ.

[ಪರದೆ: 1700ರ ಸುಮಾರಿನ ನಕ್ಷೆ. ಕಾರ್ಪೇಥಿಯನ್ ಬೆಟ್ಟಸಾಲು ದಪ್ಪ ಗೆರೆಯಲ್ಲಿ.]

ನಕ್ಷೆ ನೋಡಿ. ಕಾರ್ಪೇಥಿಯನ್ ಬೆಟ್ಟಗಳು ದೇಶದ ನಡುವೆ ಬಿಲ್ಲಿನ ಹಾಗೆ ಬಾಗಿ ನಿಂತಿವೆ. ಬಿಲ್ಲಿನ ಒಳಗೆ ಟ್ರಾನ್ಸಿಲ್ವೇನಿಯಾ. ಹೊರಗೆ ದಕ್ಷಿಣಕ್ಕೆ ವಲಾಕಿಯಾ, ಪೂರ್ವಕ್ಕೆ ಮೊಲ್ದೋವಾ. ಇವತ್ತು ಆ ಹೆಸರಿನ ಒಂದು ಸ್ವತಂತ್ರ ದೇಶವೂ ಇದೆ, ಅದು ಹಳೆಯ ಮೊಲ್ದೋವಾ ಸಂಸ್ಥಾನದ ಒಂದು ತುಂಡು ಮಾತ್ರ. ಉಳಿದ ತುಂಡು ರೊಮೇನಿಯಾದ ಪೂರ್ವ ಭಾಗ, ಯಾಶ್ ಇರುವ ಕಡೆ. ವಲಾಕಿಯಾ ಮತ್ತು ಮೊಲ್ದೋವಾದಲ್ಲಿ ರೊಮೇನಿಯನ್ ಮಾತಾಡುವ ದೊರೆಗಳು ಒಟ್ಟೊಮನ್ ಸುಲ್ತಾನರಿಗೆ ಕಪ್ಪ ಕೊಟ್ಟುಕೊಂಡು ಆಳುತ್ತಿದ್ದರು. ಟ್ರಾನ್ಸಿಲ್ವೇನಿಯಾ ಮೊದಲು ಹಂಗೇರಿ ರಾಜ್ಯದ ಭಾಗ, 1526ರ ಮೊಹಾಚ್ ಯುದ್ಧದ ನಂತರ ಬೇರೆ ಸಂಸ್ಥಾನ, 17ನೇ ಶತಮಾನದ ಕೊನೆಗೆ ಆಸ್ಟ್ರಿಯಾದ ಹ್ಯಾಬ್ಸ್‌ಬರ್ಗ್ ಮನೆತನದ ಕೈಗೆ. ಮೇಲಿನ ಆಳ್ವಿಕೆ ಬದಲಾದರೂ ಜಮೀನುದಾರರಲ್ಲಿ ಹಂಗೇರಿಯನ್ನರೇ ಜಾಸ್ತಿ. ಬೆಟ್ಟದ ಹೊರಗಿನ ರೈತನಿಗೆ ಅದೆಲ್ಲವೂ ಒಂದೇ: ಉಂಗುರರ ನಾಡು.

ಬೆಟ್ಟ ದಾಟಿ ಬರುವವರು ಯಾಕೆ ಬಂದರು? ನನ್ನ ಮಟ್ಟಿಗೆ ಈ ಹೆಸರಿನ ಜೀವಾಳ ಇಲ್ಲೇ ಇದೆ, ಸ್ವಲ್ಪ ನಿಧಾನವಾಗಿ ನೋಡೋಣ.

ಮೊದಲನೆಯದು ಜೀತ. 1514ರಲ್ಲಿ ಹಂಗೇರಿಯಲ್ಲಿ ದೊಡ್ಡ ರೈತ ದಂಗೆ ಆಯಿತು. ಅದನ್ನು ತುಳಿದು ಹಾಕಿದ ಮೇಲೆ ರೈತರನ್ನು ಕಾನೂನಿನಲ್ಲೇ ಜಮೀನುದಾರನ ನೆಲಕ್ಕೆ ಕಟ್ಟಿಹಾಕಿದರು. ಟ್ರಾನ್ಸಿಲ್ವೇನಿಯಾದ ರೊಮೇನಿಯನ್ ರೈತರಲ್ಲಿ ಬಹುಪಾಲು ಜನ ಇಂಥ ಬಿಟ್ಟಿ ದುಡಿಮೆಯವರು. ಬೆಟ್ಟದ ಆಚೆ ಪರಿಸ್ಥಿತಿ ಸುಖವಾಗಿತ್ತು ಅಂತ ಹೇಳಲಾರೆ, ಅಲ್ಲೂ ತೆರಿಗೆ ಹಿಂಡುತ್ತಿದ್ದರು. ಆದರೆ ವಲಾಕಿಯಾದಲ್ಲಿ 1746ರಲ್ಲಿ, ಮೊಲ್ದೋವಾದಲ್ಲಿ 1749ರಲ್ಲಿ ಕಾನ್ಸ್ತಾಂತಿನ್ ಮವ್ರೊಕೊರ್ದಾತ್ ಅನ್ನುವ ದೊರೆ ರೈತರ ಜೀತವನ್ನು ಕಾನೂನಿನಲ್ಲಿ ತೆಗೆದುಹಾಕಿದ. ಟ್ರಾನ್ಸಿಲ್ವೇನಿಯಾದಲ್ಲಿ ಆ ಮಟ್ಟದ ಹೆಜ್ಜೆ ಬಿದ್ದದ್ದು 1784ರಲ್ಲಿ ಹೋರಿಯಾ ಅನ್ನುವವನ ನೇತೃತ್ವದಲ್ಲಿ ನಡೆದ ರೈತ ದಂಗೆಯ ಮಾರನೆಯ ವರ್ಷ, ಪೂರ್ತಿ ಬಿಡುಗಡೆ ಸಿಕ್ಕಿದ್ದು 1848ರಲ್ಲಿ. ಇದರ ಜೊತೆಗೆ ಇನ್ನೊಂದು ಆಕರ್ಷಣೆ ಇತ್ತು. ಬೆಟ್ಟದ ಹೊರಗೆ ಖಾಲಿ ಭೂಮಿ ಜಾಸ್ತಿ, ದುಡಿಯುವ ಕೈ ಕಡಿಮೆ. ಹೊಸದಾಗಿ ಬಂದು ನೆಲೆಸುವವರಿಗೆ ದೊರೆಗಳು ಕೆಲವು ವರ್ಷ ತೆರಿಗೆ ವಿನಾಯಿತಿ ಕೊಡುತ್ತಿದ್ದರು. ಅಂಥ ಊರುಗಳಿಗೆ 'ಸ್ಲೊಬೊಜಿಯಾ' ಅನ್ನುತ್ತಿದ್ದರು. ಆ ಹೆಸರಿನ ಊರುಗಳು ರೊಮೇನಿಯಾದಲ್ಲಿ ಇವತ್ತಿಗೂ ಎಷ್ಟೋ ಇವೆ.

ಎರಡನೆಯದು ಧರ್ಮ. 1700ರ ಆಸುಪಾಸಿನಲ್ಲಿ ಹ್ಯಾಬ್ಸ್‌ಬರ್ಗ್ ಆಡಳಿತ ಟ್ರಾನ್ಸಿಲ್ವೇನಿಯಾದ ಆರ್ಥೊಡಾಕ್ಸ್ ಚರ್ಚನ್ನು ರೋಮ್‌ನ ಕ್ಯಾಥೊಲಿಕ್ ಚರ್ಚಿನ ಜೊತೆ ಸೇರಿಸಿತು. ಎಷ್ಟೋ ಹಳ್ಳಿಗಳು ಒಪ್ಪಲಿಲ್ಲ. ಸೊಫ್ರೋನಿಯೆ ಅನ್ನುವ ಸನ್ಯಾಸಿಯ ನೇತೃತ್ವದಲ್ಲಿ 1759ರಿಂದ 1761ರವರೆಗೆ ದೊಡ್ಡ ಚಳವಳಿ ನಡೆಯಿತು. ಸಾಮ್ರಾಜ್ಯ ಜನರಲ್ ಬೂಕೋವ್ ಅನ್ನುವವನನ್ನು ಕಳಿಸಿತು. ಅವನ ಆಜ್ಞೆಯ ಮೇಲೆ ಆರ್ಥೊಡಾಕ್ಸ್ ಮಠಗಳನ್ನು ಕೆಡವಿದರು, ಮರದವನ್ನು ಸುಟ್ಟರು, ಕಲ್ಲಿನವನ್ನು ಒಡೆದರು. ಪೂಜೆ ಮಾಡುವ ಜಾಗವೇ ಹೋದ ಮೇಲೆ ಬೆಟ್ಟದ ಆಚೆಗಿನ ಮಠಗಳ ಕಡೆ ಜನ ಮುಖ ಮಾಡಿದ್ದು ಸಹಜ ಅಲ್ವಾ?

ಮೂರನೆಯವರು ಕುರಿಗಾಹಿಗಳು. ಸಿಬಿಯು ಪಟ್ಟಣದ ಪಕ್ಕ, ಬೆಟ್ಟದ ಅಂಚಿನಲ್ಲಿ ಮರ್ಜಿನಿಮ್ಯಾ ಅನ್ನುವ ಹಳ್ಳಿಗಳ ಸಾಲಿದೆ: ಜೀನಾ, ಪೊಯಾನಾ, ತಿಲಿಶ್ಕಾ, ಸಲಿಶ್ತೆ, ರಶಿನಾರಿ. ಇಲ್ಲಿಯವರು ಬೇಸಿಗೆಯಲ್ಲಿ ಕುರಿಗಳನ್ನು ಬೆಟ್ಟದ ನೆತ್ತಿಯಲ್ಲಿ ಮೇಯಿಸಿ, ಚಳಿಗಾಲಕ್ಕೆ ಡಾನ್ಯೂಬ್ ನದಿಯ ಬಯಲಿಗೆ, ಕಪ್ಪು ಸಮುದ್ರದ ದಡದವರೆಗೂ ಹೊಡೆದುಕೊಂಡು ಹೋಗುತ್ತಿದ್ದರು. ವರ್ಷವರ್ಷ ಗಡಿ ದಾಟಿ ಬರುವವರಿಗೆ ದಾರಿ ಗೊತ್ತು, ಹಳ್ಳಿ ಗೊತ್ತು, ಹೆಣ್ಣು ಕೊಡುವವರೂ ಗೊತ್ತು. ಕೆಲವರು ವಾಪಸ್ ಹೋಗಲಿಲ್ಲ. ವಿಲ್ಚಾ ಜಿಲ್ಲೆಯ ವಾಯ್ದೆಯೆನಿ ಅನ್ನುವ ಊರು ಇಂಥ ಕುರಿಗಾಹಿಗಳು ಕಟ್ಟಿದ್ದು, ಅವರ ಕುರಿ ಕಸುಬು ಅಲ್ಲಿ ಈಗಲೂ ಹೆಸರುವಾಸಿ.

[ಪರದೆ: ಜೋಡಿ ಹಳ್ಳಿಗಳ ಹೆಸರು ಒಂದೊಂದಾಗಿ ಮೂಡಲಿ.]

ಈಗ ನನಗೆ ತುಂಬಾ ಇಷ್ಟವಾದ ಭಾಗ. ಬಂದವರು ನೆಲೆಸಿದ ಗುರುತು ನಕ್ಷೆಯ ಮೇಲೆಯೇ ಉಳಿದಿದೆ. ಪ್ರಾಹೊವಾ ಜಿಲ್ಲೆಯಲ್ಲಿ ಮನೆಚು-ಉಂಗುರೆನಿ ಅಂತ ಒಂದು ಹಳ್ಳಿ, ಪಕ್ಕದಲ್ಲೇ ಮನೆಚು-ಪಮಿಂತೆನಿ ಅಂತ ಇನ್ನೊಂದು. 'ಉಂಗುರೆನಿ' ಅಂದರೆ ಉಂಗುರ್ಯಾನ್ ಜನ, 'ಪಮಿಂತೆನಿ' ಅಂದರೆ ಈ ನೆಲದವರೇ. ಅರ್ಜೆಶ್ ಜಿಲ್ಲೆಯ ಬೆರೆವೊಯೆಶ್ತಿಯಲ್ಲೂ ಇದೇ ಜೋಡಿ. ಗೋರ್ಜ್ ಜಿಲ್ಲೆಯ ನೊವಾಚ್‌ನಲ್ಲಿ ಬಂದವರ ಕೇರಿಗೆ 'ಸ್ತ್ರೈನಿ', ಅಂದರೆ ಪರಸ್ಥಳದವರು ಅಂತಲೇ ಹೆಸರು ಬಿತ್ತು. ಒಂದೇ ಭಾಷೆ, ಒಂದೇ ದೇವರು. ಆದರೂ ಎದುರು ಕೇರಿಯವರು 'ಅವರು ಆ ಕಡೆಯವರು' ಅಂತ ಗೆರೆ ಎಳೆದರು, ಆ ಗೆರೆ ಹಳ್ಳಿಯ ಹೆಸರಿನಲ್ಲೇ ಕೂತುಬಿಟ್ಟಿತು. ಮೊಲ್ದೋವಾ ಕಡೆ ಬಕೌ ಮತ್ತು ಬೊಟೊಶಾನಿ ಜಿಲ್ಲೆಗಳಲ್ಲೂ ಉಂಗುರೆನಿ ಅನ್ನುವ ಊರುಗಳಿವೆ.

ಗಡಿ ದಾಟಿ ಪೂರ್ವ ಸರ್ಬಿಯಾಕ್ಕೆ ಹೋದರೆ ತಿಮೋಕ್ ಕಣಿವೆಯಲ್ಲಿ ರೊಮೇನಿಯನ್ ಮಾತಾಡುವ ವ್ಲಾಖ್ ಜನ ಸಿಗುತ್ತಾರೆ. ಅವರಲ್ಲೂ ಒಂದು ಗುಂಪಿಗೆ 'ಉಂಗುರೆನಿ' ಅಂತಲೇ ಹೆಸರು, ಡಾನ್ಯೂಬ್ ದಾಟಿ ಬಾನಾತ್ ಪ್ರಾಂತ್ಯದಿಂದ ಬಂದವರ ವಂಶ. ಆದರೆ ಅಲ್ಲಿ ಅದು ಗುಂಪಿನ ಹೆಸರಾಗಿಯೇ ನಿಂತಿತು. ಅಲ್ಲಿನ ಮನೆತನದ ಹೆಸರುಗಳಿಗೆ ಸರ್ಬಿಯನ್ ರೀತಿಯ 'ವಿಚ್' ಬಾಲ ಅಂಟಿತು.

ಹಾಗಾದರೆ ರೊಮೇನಿಯಾದಲ್ಲಿ ಇದು ಸರ್‌ನೇಮ್ ಆಗಿದ್ದು ಹೇಗೆ? 1772ರಿಂದ 1774ರ ನಡುವೆ, ರಷ್ಯಾ ಮತ್ತು ತುರ್ಕಿ ಯುದ್ಧ ನಡೆಯುತ್ತಿದ್ದಾಗ, ರಷ್ಯನ್ ಸೇನೆಯ ಆಡಳಿತ ಮೊಲ್ದೋವಾದಲ್ಲಿ ಜನಗಣತಿ ಮಾಡಿಸಿತು. ಆ ಪಟ್ಟಿಗಳಲ್ಲಿ ಒಬ್ಬ ಇಯೊನ್, ಒಬ್ಬ ತೊಆದೆರ್ ಪಕ್ಕದಲ್ಲಿ 'ಉಂಗುರ್ಯಾನ್' ಅಂತ ಬರೆದಿರುತ್ತದೆ. ಅದಿನ್ನೂ ಮನೆತನದ ಹೆಸರಲ್ಲ, ಗುರುತು ಅಷ್ಟೇ. ಅದೇ ಮನುಷ್ಯ ಇನ್ನೊಂದು ಕಾಗದದಲ್ಲಿ ವಸಿಲೆಯ ಮಗ ಇಯೊನ್ ಆಗಬಹುದು, ಮತ್ತೊಂದರಲ್ಲಿ ಕುರುಬ ಇಯೊನ್ ಆಗಬಹುದು. ಹಾಗಾಗಿ ಬೆಟ್ಟ ದಾಟಿ ಬಂದ ಎಲ್ಲರ ಮೊಮ್ಮಕ್ಕಳೂ ಉಂಗುರ್ಯಾನು ಆಗಲಿಲ್ಲ. ಕೆಲವರು ಚೊಬಾನು ಆದರು, ಅಂದರೆ ಕುರುಬ. ಕೆಲವರು ಮೊಕಾನು ಆದರು, ಅದು ಬೆಟ್ಟದ ಕುರಿಗಾಹಿಗಳಿಗೆ ಬಯಲಿನವರು ಇಟ್ಟ ಹೆಸರು.

ಹೆಸರು ಗಟ್ಟಿಯಾಗಿದ್ದು 19ನೇ ಶತಮಾನದಲ್ಲಿ. 1865ರಲ್ಲಿ ಹೊಸ ಸಿವಿಲ್ ಕಾನೂನು ಬಂದಾಗ ಜನನ ಮರಣದ ಲೆಕ್ಕ ಚರ್ಚಿನಿಂದ ಪುರಸಭೆಯ ಕೈಗೆ ಹೋಯಿತು. 1895ರಲ್ಲಿ ಹೆಸರಿಗೆಂದೇ ಒಂದು ಕಾನೂನು ಬಂತು. ಆ ಹೊತ್ತಿಗೆ ಯಾವ ಗುರುತು ಚಾಲ್ತಿಯಲ್ಲಿತ್ತೋ ಅದೇ ಅಪ್ಪನಿಂದ ಮಕ್ಕಳಿಗೆ ಹರಿಯತೊಡಗಿತು. ಅಜ್ಜನ ಅಜ್ಜ ಬೆಟ್ಟ ದಾಟಿದ್ದ, ಮೊಮ್ಮಗ ಬೆಟ್ಟವನ್ನೇ ನೋಡಿಲ್ಲ, ಹೆಸರು ಮಾತ್ರ ಉಂಗುರ್ಯಾನು.

[ಪರದೆ: ಬಾಣಗಳ ನಕ್ಷೆ. ಬಾಣದ ತುದಿಯಲ್ಲಿ ಸರ್‌ನೇಮ್.]

ಈಗ ಶುರುವಿನಲ್ಲಿ ಹಿಡಿದುಕೊಳ್ಳಿ ಅಂದ ಮಾತಿಗೆ ಬರೋಣ. ಸರ್‌ನೇಮ್ ನಕ್ಷೆ ತೋರಿಸುವ ಸೈಟ್‌ಗಳಲ್ಲಿ ಬಣ್ಣ ದಟ್ಟವಾಗಿರುವ ಕಡೆಯೇ ಆ ಹೆಸರಿನ ಮೂಲ ಅಂತ ಜನ ಸುಮ್ನೆ ನಂಬಿಬಿಡುತ್ತಾರೆ. ಊರು, ಪ್ರಾಂತ್ಯದಿಂದ ಹುಟ್ಟಿದ ಹೆಸರಿನ ವಿಷಯದಲ್ಲಿ ಇದು ತಪ್ಪು. ಜೀನಾ ಹಳ್ಳಿಯಲ್ಲಿ ಎಲ್ಲರೂ ಟ್ರಾನ್ಸಿಲ್ವೇನಿಯಾದವರೇ, ಅಲ್ಲಿ ಒಬ್ಬನನ್ನು 'ಆ ಕಡೆಯವನು' ಅಂತ ಕರೆದರೆ ಯಾರಿಗೂ ಗುರುತು ಸಿಗುವುದಿಲ್ಲ. ಅವನು ಬೇರೆ ಕಡೆ ಹೋಗಿ ನಿಂತಾಗಲೇ ಆ ಹೆಸರಿಗೆ ಕೆಲಸ. ಹಾಗಾಗಿ ಉಂಗುರ್ಯಾನು ದಟ್ಟವಾಗಿ ಸಿಗುವುದು ಟ್ರಾನ್ಸಿಲ್ವೇನಿಯಾದ ಹೊರಗೆ, ಅದರಲ್ಲೂ ಪೂರ್ವದ ಮೊಲ್ದೋವಾ ಜಿಲ್ಲೆಗಳಲ್ಲಿ.

ಇದು ಈ ಒಂದು ಹೆಸರಿನ ಕಥೆ ಮಾತ್ರ ಅಲ್ಲ. ಮೊಲ್ದೊವಾನ್ ಅನ್ನುವ ಸರ್‌ನೇಮ್ ತುಂಬಾ ಸಿಗುವುದು ಟ್ರಾನ್ಸಿಲ್ವೇನಿಯಾದ ಕ್ಲುಜ್, ಮುರೆಶ್ ಜಿಲ್ಲೆಗಳಲ್ಲಿ. ವಲಾಕಿಯಾದವನು ಅನ್ನುವ ಅರ್ಥದ ಮುಂತ್ಯಾನು ಮೊಲ್ದೋವಾದಲ್ಲಿ ಸಾಮಾನ್ಯ. ಟ್ರಾನ್ಸಿಲ್ವೇನಿಯಾದವನು ಅನ್ನುವ ಇನ್ನೊಂದು ಹೆಸರು ಅರ್ದೆಲ್ಯಾನ್, ಅದು ಜಾಸ್ತಿ ಇರುವುದು ಪಶ್ಚಿಮದ ಅರಾದ್, ಬಿಹೊರ್ ಕಡೆ, ಅಂದರೆ ಹಳೆಯ ಟ್ರಾನ್ಸಿಲ್ವೇನಿಯಾದ ಗಡಿಯಾಚೆ. ಜನ ಎರಡೂ ದಿಕ್ಕಿಗೆ ಓಡಾಡಿದ್ದಾರೆ, ಹೆಸರುಗಳೇ ಸಾಕ್ಷಿ.

ಆಮೇಲೆ ಹೆಸರು ಎಲ್ಲೆಲ್ಲಿ ಹೋಯಿತು? 1812ರಲ್ಲಿ ಮೊಲ್ದೋವಾ ಸಂಸ್ಥಾನದ ಪೂರ್ವ ಅರ್ಧ, ಅಂದರೆ ಬೆಸ್ಸರಾಬಿಯಾ, ರಷ್ಯಾಕ್ಕೆ ಹೋಯಿತು. ಅಲ್ಲಿನ ಉಂಗುರ್ಯಾನು ಮನೆಗಳು ರಷ್ಯನ್ ಕಚೇರಿಯ ದಾಖಲೆಗೆ ಸೇರಿದವು, ರಷ್ಯನ್ ಲಿಪಿಯಲ್ಲಿ. ಉತ್ತರಕ್ಕೆ ಇವತ್ತಿನ ಉಕ್ರೇನ್‌ನ ಚೆರ್ನಿವ್ಟ್ಸಿ ಕಡೆ ಕೊನೆಯ 'ಉ' ಬಿದ್ದುಹೋಗಿ ಉಂಗುರ್ಯಾನ್ ಆಗಿ ಉಳಿದಿದೆ. 1940ರಲ್ಲಿ ಬೆಸ್ಸರಾಬಿಯಾಕ್ಕೆ ಸೋವಿಯತ್ ಆಡಳಿತ ಬಂತು. 1949ರ ಜುಲೈನಲ್ಲಿ ಒಂದೇ ಏಟಿಗೆ ಸುಮಾರು 35,000 ಜನರನ್ನು ಅಲ್ಲಿಂದ ಸೈಬೀರಿಯಾ, ಕಜಕಸ್ತಾನಕ್ಕೆ ಗಡೀಪಾರು ಮಾಡಿದರು. ಹೆಂಗಸರು, ಮಕ್ಕಳು, ಮುದುಕರು ಎಲ್ಲರೂ ಗೂಡ್ಸ್ ರೈಲಿನಲ್ಲಿ. ಆ ನೆಲದ ಹೆಸರುಗಳು ಸೈಬೀರಿಯಾದ ಹಳ್ಳಿಗಳವರೆಗೆ ಹೋದದ್ದು ಹೀಗೆ. ಇದನ್ನು ನಕ್ಷೆಯ ಮೇಲೆ ಇನ್ನೊಂದು ಚುಕ್ಕೆ ಅಂತ ಹೇಳಿ ಮುಂದೆ ಹೋಗಲು ನನಗೆ ಮನಸ್ಸು ಬರುವುದಿಲ್ಲ. 1989ರ ಆಗಸ್ಟ್ 31ರ ಕಾನೂನಿನಿಂದ ಇವತ್ತಿನ ಮೊಲ್ದೋವಾ ದೇಶದಲ್ಲಿ ಲ್ಯಾಟಿನ್ ಲಿಪಿ ವಾಪಸ್ ಬಂತು, ಹೆಸರಿನ ಹಳೆಯ ಬರವಣಿಗೆಯೂ ವಾಪಸ್ ಬಂತು.

ಇತ್ತ ರೊಮೇನಿಯಾದಲ್ಲಿ ನಡೆದದ್ದು ಬೇರೆಯೇ. 1918ರ ಡಿಸೆಂಬರ್ 1ರಂದು ಆಲ್ಬಾ ಯೂಲಿಯಾದಲ್ಲಿ ಟ್ರಾನ್ಸಿಲ್ವೇನಿಯಾದ ರೊಮೇನಿಯನ್ನರು ರೊಮೇನಿಯಾ ಜೊತೆ ಸೇರುವುದಾಗಿ ಘೋಷಿಸಿದರು, 1920ರ ಟ್ರಿಯಾನೋನ್ ಒಪ್ಪಂದ ಅದಕ್ಕೆ ಮುದ್ರೆ ಒತ್ತಿತು. ಬೆಟ್ಟದ ಮೇಲೆ ಈಗ ಗಡಿಯೇ ಇಲ್ಲ. ಎರಡನೇ ಮಹಾಯುದ್ಧದ ನಂತರ ಕಮ್ಯುನಿಸ್ಟ್ ಸರ್ಕಾರ ಕಾರ್ಖಾನೆ ಮೇಲೆ ಕಾರ್ಖಾನೆ ಕಟ್ಟಿತು. ಬ್ರಶೋವ್‌ನ ಟ್ರ್ಯಾಕ್ಟರ್ ಕಾರ್ಖಾನೆ, ಹುನೆದ್ವಾರಾದ ಉಕ್ಕಿನ ಕಾರ್ಖಾನೆ, ಜಿಯು ಕಣಿವೆಯ ಕಲ್ಲಿದ್ದಲ ಗಣಿ, ಇವುಗಳಿಗೆ ಪೂರ್ವದ ಬಡ ಜಿಲ್ಲೆಗಳಿಂದ ಜನ ರೈಲು ಹತ್ತಿ ಬಂದರು. ಅವರಲ್ಲಿ ಉಂಗುರ್ಯಾನುಗಳೂ ಇದ್ದರು. ಯೋಚನೆ ಮಾಡಿ: ಮೊಲ್ದೋವಾದಲ್ಲಿ ಟ್ರಾನ್ಸಿಲ್ವೇನಿಯಾದವರು ಅನ್ನಿಸಿಕೊಂಡ ಮನೆತನ ಎಷ್ಟೋ ತಲೆಮಾರಿನ ನಂತರ ಟ್ರಾನ್ಸಿಲ್ವೇನಿಯಾಕ್ಕೆ ಬಂದರೆ, ಅಲ್ಲಿಯವರು ಇವರನ್ನು ನೋಡಿ 'ಮೊಲ್ದೋವಾದವರು' ಅನ್ನುತ್ತಾರೆ! ಆದರೆ ಈ ಸಲ ಸರ್‌ನೇಮ್ ಬದಲಾಗಲಿಲ್ಲ, ಅದು ಗುರುತಿನ ಚೀಟಿಯಲ್ಲಿ ಅಚ್ಚಾಗಿತ್ತು.

2007ರಲ್ಲಿ ರೊಮೇನಿಯಾ ಯುರೋಪಿಯನ್ ಒಕ್ಕೂಟ ಸೇರಿದ ಮೇಲಂತೂ ಇಟಲಿ, ಸ್ಪೇನ್, ಜರ್ಮನಿ, ಬ್ರಿಟನ್ ಎಲ್ಲ ಕಡೆ ಈ ಹೆಸರು. ಇಟಲಿಯೊಂದರಲ್ಲೇ ರೊಮೇನಿಯನ್ ಪೌರರು 10 ಲಕ್ಷಕ್ಕಿಂತ ಜಾಸ್ತಿ. ಸ್ಪೇನ್‌ನಲ್ಲಿ ಪೌರತ್ವ ಪಡೆದವರು ಎರಡು ಸರ್‌ನೇಮ್ ಇಟ್ಟುಕೊಳ್ಳಬೇಕು, ಹಾಗಾಗಿ ಅಲ್ಲಿ ಉಂಗುರ್ಯಾನು ಪಕ್ಕದಲ್ಲಿ ಅಮ್ಮನ ಮನೆಯ ಹೆಸರೂ ಸೇರಿಕೊಳ್ಳುತ್ತದೆ.

[ಪರದೆ: ಹಳೆಯ ಚರ್ಚ್ ನೋಂದಣಿ ಪುಸ್ತಕದ ಪುಟ.]

ಕೊನೆಯದಾಗಿ, ಈ ಹೆಸರಿನವರು ತಮ್ಮ ಮೂಲ ಹುಡುಕಬೇಕಾದರೆ ಎಲ್ಲಿಂದ ಶುರು ಮಾಡಬೇಕು ಅನ್ನುವುದನ್ನೂ ಹೇಳಿಬಿಡುತ್ತೇನೆ. ರೊಮೇನಿಯಾದಲ್ಲಿ 100 ವರ್ಷ ಮೀರಿದ ಜನನ, ಮದುವೆ, ಮರಣದ ಪುಸ್ತಕಗಳು ರಾಷ್ಟ್ರೀಯ ದಾಖಲೆ ಸಂಗ್ರಹದ ಜಿಲ್ಲಾ ಶಾಖೆಗಳಿಗೆ ಹೋಗುತ್ತವೆ. ಅಲ್ಲಿ ಪುರಸಭೆಯ ಪುಸ್ತಕ ಹಿಡಿದು ಹಿಂದಕ್ಕೆ ಹೋಗುತ್ತಾ, ಅದು ಮುಗಿದ ಮೇಲೆ ಚರ್ಚಿನ ಪುಸ್ತಕ ತೆಗೆಯಬೇಕು. ಯಾವುದೋ ಒಂದು ಹಂತದಲ್ಲಿ ದಾರಿ ಬೆಟ್ಟ ಹತ್ತುತ್ತದೆ. ಅಲ್ಲಿಂದ ಮುಂದೆ ಟ್ರಾನ್ಸಿಲ್ವೇನಿಯಾದ ಪುಸ್ತಕಗಳಲ್ಲಿ ಉಂಗುರ್ಯಾನು ಅಂತ ಹುಡುಕಿ ಪ್ರಯೋಜನವಿಲ್ಲ, ಆ ಪೂರ್ವಜನಿಗೆ ಅಲ್ಲಿ ಆ ಹೆಸರೇ ಇರಲಿಲ್ಲ. ಅವನ ಸ್ವಂತ ಹೆಸರು, ಅಪ್ಪನ ಹೆಸರು, ಹಳ್ಳಿಯ ಹೆಸರು, ಇವಿಷ್ಟನ್ನು ಹಿಡಿದುಕೊಂಡು ಹುಡುಕಬೇಕು.