ಡಿಸೆಂಬರ್ 25ಕ್ಕೆ ಅಲ್ಲಿ ರಜೆ ಇಲ್ಲ

ಎಲ್ಲರಿಗೂ ನಮಸ್ಕಾರ. ಇಲ್ಲಿ ಕೂತವರಲ್ಲಿ ತುಂಬಾ ಜನ ಗಲ್ಫಿಗೆ ಹೋಗ್ಲಿಕ್ಕೆ ರೆಡಿಯಾದವರು ಅಂತ ಹೇಳಿದ್ರು. ವೀಸಾ, ಸಂಬಳದ ವಿಷಯ ಹೇಳ್ಲಿಕ್ಕೆ ಬೇರೆಯವರಿದ್ದಾರೆ, ನಾನು ಮಾತಾಡೋದು ಅಲ್ಲಿ ಕ್ರಿಸ್ಮಸ್ ಮಾಡೋದು ಹೇಗೆ ಅಂತ.

ನಾನು ದುಬೈಗೆ ಹೋದದ್ದು 2011ರಲ್ಲಿ, ಅಕೌಂಟ್ಸ್ ಕೆಲಸಕ್ಕೆ. ಆ ವರ್ಷ ಕ್ರಿಸ್ಮಸ್ ಬಂದದ್ದು ಭಾನುವಾರ, ಆಗ ಅಲ್ಲಿ ವಾರದ ರಜೆ ಶುಕ್ರವಾರ ಶನಿವಾರ, ಭಾನುವಾರ ಅಂದ್ರೆ ನಮ್ಮ ಸೋಮವಾರ ಇದ್ದ ಹಾಗೆ. (ಶನಿವಾರ ಭಾನುವಾರ ರಜೆ ಆದದ್ದು 2022ರಲ್ಲಿ.) 25ಕ್ಕೆ ಸರ್ಕಾರಿ ರಜೆ ಅಂತ ಇಲ್ಲವೇ ಇಲ್ಲ, ಜನವರಿ 1ಕ್ಕೆ ಉಂಟು. ಡಿಸೆಂಬರ್ ಕ್ಲೋಸಿಂಗ್ ಬೇರೆ, ರಜೆ ಕೇಳಿದೆ, ಸಿಗ್ಲಿಲ್ಲ. ಸ್ಟಾಕ್ ಲಿಸ್ಟ್ ಟ್ಯಾಲಿ ಮಾಡ್ತಾ ಕೂತದ್ದು, ಪದೇ ಪದೇ ಗಂಟೆ ನೋಡೋದು, ಅಲ್ಲಿಗಿಂತ ಊರಿನ ಟೈಮ್ ಒಂದೂವರೆ ಗಂಟೆ ಮುಂದೆ ಅಲ್ವಾ, ಈಗ ಅಮ್ಮ ಇಡ್ಲಿ ಥರದ ಸಾನ್ನ ಬೇಯಿಸಿ ಆಗಿರ್ಬಹುದು, ಈಗ ಅತ್ತೆಯವರು ಬಂದಿರ್ಬಹುದು ಅಂತ, ಆ ದಿನ ಒಂದು ಕಾಲಂ ಕೂಡ ಸರಿ ಕೂಡಿಸ್ಲಿಕ್ಕೆ ಆಗ್ಲಿಲ್ಲ.

ಸಂಜೆ ಊದ್ ಮೇಥಾದ ಸೇಂಟ್ ಮೇರೀಸ್ ಚರ್ಚಿಗೆ ಹೋದೆ. ಆಗಿನ ದುಬೈ ದೊರೆ ಶೇಖ್ ರಶೀದ್ ಜಾಗ ಕೊಟ್ಟು 1967ರಲ್ಲಿ ಶುರುವಾದ ಚರ್ಚ್ ಅದು, ಅಲ್ಲಿ ಕೊಂಕಣಿ ಪೂಜೆಯೂ ಉಂಟು. ಅಂಗಳ ತುಂಬಾ ಜನ, ಮಲಯಾಳಿಗಳು, ಗೋವಾದವರು, ಫಿಲಿಪಿನೊಗಳು. ಮನಸ್ಸಿಗೆ ಸ್ವಲ್ಪ ಸಮಾಧಾನ ಆಯ್ತು. ರೂಮಿಗೆ ಬಂದು ಊರಿಂದ ಕಳಿಸಿದ ಕುಸ್ವಾರ್, ಅಂದ್ರೆ ಕ್ರಿಸ್ಮಸ್ ತಿಂಡಿಗಳ ಡಬ್ಬ ಬಿಚ್ಚಿ ಒಬ್ಬಳೇ ತಿಂದೆ. ಹಬ್ಬ ಮಾಡಿದ ಹಾಗೆ ಆಗ್ಲೇ ಇಲ್ಲ.

ಯಾಕೆ ಅಂತ ಮರುವರ್ಷ ಗೊತ್ತಾಯ್ತು. ನಮ್ಮ ಮನೇಲಿ ಹಬ್ಬ ಶುರುವಾಗೋದೇ ಹತ್ತು ದಿನ ಮೊದಲು, ಚಾಪೆ ಹಾಕಿ ಎಲ್ಲರೂ ಸುತ್ತ ಕೂತು ಕಿಡಿಯೊ (ಸುರುಳಿ ಆಕಾರದ ಕರಿದ ಸಿಹಿ ತಿಂಡಿ) ಒತ್ತುವಾಗ. ನಾನು ಆ ಕೆಲಸವನ್ನೇ ಬಿಟ್ಟು ಬರೀ ತಿಂದಿದ್ದೆ.

2012ರಲ್ಲಿ ರೂಮಲ್ಲಿ ನಾವು ನಾಲ್ಕು ಹುಡುಗಿಯರು, ಉಡುಪಿಯವಳೊಬ್ಬಳು, ಉಳ್ಳಾಲದ ಬ್ಯಾರಿ ಮುಸ್ಲಿಂ ಹುಡುಗಿ, ಇನ್ನೊಬ್ಬಳು ಕಾಸರಗೋಡಿನವಳು. ಕಿಚನ್ ಎಲ್ಲ ರೂಮಿನವರಿಗೂ ಒಂದೇ, ನಮಗೆ ಖಾಲಿ ಸಿಗೋದು ರಾತ್ರಿ ಹತ್ತರ ಮೇಲೆ. ಮೈದಾಕ್ಕೆ ಮೊಟ್ಟೆ, ತೆಂಗಿನಹಾಲು, ಚಿಟಿಕೆ ಉಪ್ಪು ಹಾಕಿ ಕಲಸಿದೆ. ಹುಣಸೆ ಬೀಜದಷ್ಟು ಉಂಡೆ ತಗೊಂಡು ಫೋರ್ಕಿನ ಬೆನ್ನ ಮೇಲಿಟ್ಟು ಹೆಬ್ಬೆರಳಲ್ಲಿ ಒತ್ತಿ ಸುರುಳಿ ಮಾಡೋದು. ಫೋರ್ಕ್ ಇದ್ದದ್ದು ಎರಡೇ, ಉಳ್ಳಾಲದವಳು ಹೊಸ ಬಾಚಣಿಗೆ ತೊಳೆದು ತಂದ್ಲು, ಅದರ ಗೆರೆ ಇನ್ನೂ ಚಂದ ಬಂತು! ನಮ್ಮ ಅಜ್ಜಿ ಮಾಡ್ತಿದ್ದದ್ದು ಕೂಡ ಬಾಚಣಿಗೆಯಲ್ಲೇ. ಹಿಟ್ಟು ಸ್ವಲ್ಪ ಸಡಿಲ ಆಗಿತ್ತು, ಮೊದಲನೇ ಒಬ್ಬೆ ಎಣ್ಣೆಗೆ ಬಿದ್ದದ್ದೇ ಬಿಚ್ಚಿಕೊಂಡಿತು, ಊರಿಗೆ ಫೋನ್ ಮಾಡಿದ್ರೆ ಅಲ್ಲಿ ಮಧ್ಯರಾತ್ರಿ, ಅಮ್ಮ ನಿದ್ದೆಗಣ್ಣಲ್ಲೇ ಒಂದು ಹಿಡಿ ಮೈದಾ ಹಾಕಿ ನಾದು ಮಗಾ ಅಂದ್ರು.

ರಾತ್ರಿ ಒಂದು ಗಂಟೆಗೆ ಸಕ್ಕರೆ ಪಾಕದಲ್ಲಿ ಹೊರಳಿಸಿ ಆಯ್ತು. ಮರುದಿನ ಪಕ್ಕದ ಫ್ಲ್ಯಾಟಿನ ಪಾಕಿಸ್ತಾನಿ ಮನೆಗೂ ಒಂದು ಪ್ಲೇಟ್ ಕೊಟ್ಟೆವು, ಪ್ಲೇಟ್ ವಾಪಸ್ ಬರುವಾಗ ತುಂಬಾ ಖರ್ಜೂರ ಇತ್ತು. ಆ ವರ್ಷವೂ 25ಕ್ಕೆ ಆಫೀಸ್ ಇತ್ತು ಮಾರಾಯ್ರೆ, ಡಬ್ಬ ಹಿಡ್ಕೊಂಡೇ ಹೋದೆ.

ಹಾಗಾಗಿ ಹೋಗುವ ಮೊದಲು ಅಮ್ಮನ ಹತ್ರ ಕೂತು ಕಲೀರಿ. ಅಳತೆ ಕೇಳಿದ್ರೆ ಕೈಗೆ ಗೊತ್ತಾಗ್ತದೆ ಅಂತಾರೆ, ಬಿಡ್ಬೇಡಿ, ಅವರು ಹಾಕಿದ್ದನ್ನ ಲೋಟದಲ್ಲಿ ಅಳೆದು ಬರ್ಕೊಳ್ಳಿ. ಹುಡುಗರಿಗೂ ಸೇರಿಸಿಯೇ ಹೇಳ್ತಿದ್ದೇನೆ.

ಹಿಂದಿನ ಮೇಜಲ್ಲಿ ಹಿಟ್ಟು ಕಲಸಿಟ್ಟಿದ್ದೇನೆ, ಹತ್ತು ಫೋರ್ಕ್, ನಾಲ್ಕು ಹೊಸ ಬಾಚಣಿಗೆ ಉಂಟು. ಕೈ ತೊಳ್ಕೊಂಡು ಬನ್ನಿ.