ಸೋಂಕಿನ ಮೊದಲ ವಾರ

ಕೇಳುಗರಿಗೆ ನಮಸ್ಕಾರ.

ಬೆರಳಿಗೆ ಮುಳ್ಳು ಚುಚ್ಚಿ, ಮಾರನೆಯ ದಿನ ಆ ಜಾಗ ಕೆಂಪಾಗಿ ಊದಿಕೊಂಡು ನೋಯತೊಡಗಿದರೆ, ಅದೆಲ್ಲವೂ ರೋಗಾಣುವಿನ ಹಾವಳಿಯೆಂದೇ ನಾವು ಎಣಿಸುತ್ತೇವೆ. ಅದರಲ್ಲಿ ಹೆಚ್ಚಿನ ಪಾಲು ನಮ್ಮ ದೇಹದ್ದೇ ಕೆಲಸ. ಚರ್ಮದಡಿಯಲ್ಲಿ ಕಾವಲಿರುವ ಮ್ಯಾಕ್ರೊಫೇಜ್ ಎಂಬ ಭಕ್ಷಕ ಕೋಶಗಳು ಬ್ಯಾಕ್ಟೀರಿಯಾದ ಗುರುತು ಹಿಡಿದೊಡನೆ ಸೈಟೊಕೈನ್ ಎಂಬ ಸಂದೇಶವಸ್ತುಗಳನ್ನು ಸ್ರವಿಸುತ್ತವೆ. ಆಗ ಸುತ್ತಲಿನ ಸಣ್ಣ ರಕ್ತನಾಳಗಳು ಹಿಗ್ಗಿ, ಅವುಗಳ ಗೋಡೆ ಸಡಿಲಗೊಂಡು, ರಕ್ತದಲ್ಲಿ ಹರಿಯುತ್ತಿದ್ದ ನ್ಯೂಟ್ರೊಫಿಲ್ ಎಂಬ ಬಿಳಿ ರಕ್ತಕಣಗಳು ಕೆಲವೇ ಗಂಟೆಗಳಲ್ಲಿ ಗಾಯದತ್ತ ನುಗ್ಗುತ್ತವೆ. ನಾವು ಅಸಹ್ಯಪಡುವ ಕೀವಿನಲ್ಲಿ ತುಂಬಿರುವುದು ಹೀಗೆ ಸೆಣಸಿ ಸತ್ತ ಕಣಗಳೇ.

ಈ ನುಂಗುವ ಕೋಶಗಳ ಮಹತ್ವವನ್ನು ಗುರುತಿಸಿದ್ದೂ ಮುಳ್ಳಿನಿಂದಲೇ. 1882ರಲ್ಲಿ ಇಟಲಿಯ ಮೆಸ್ಸಿನಾದಲ್ಲಿ ಜೀವವಿಜ್ಞಾನಿ ಇಲ್ಯಾ ಮೆಚ್ನಿಕಾಫ್ ಅವರು ನಕ್ಷತ್ರಮೀನಿನ ಪಾರದರ್ಶಕ ಮರಿಗಳಿಗೆ ಮುಳ್ಳು ಚುಚ್ಚಿಟ್ಟು, ಮರುದಿನ ನೋಡಿದಾಗ ಅದರ ಸುತ್ತ ಚಲಿಸುವ ಕೋಶಗಳು ಮುತ್ತಿಕೊಂಡಿದ್ದವು. 1908ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂದಿತು.

ಜ್ವರವೂ ಹೀಗೆಯೇ. ಸೈಟೊಕೈನ್‌ಗಳ ಪ್ರಭಾವದಿಂದ ಮಿದುಳಿನ ಹೈಪೊಥಲಾಮಸ್ ದೇಹದ ಉಷ್ಣತೆಯ ಮಟ್ಟವನ್ನು ಏರಿಸಿಕೊಳ್ಳುತ್ತದೆ. ಆ ಮಟ್ಟವನ್ನು ಮುಟ್ಟುವ ತನಕ ಮೈಗೆ ಚಳಿಯೆನಿಸುತ್ತದೆ, ಸ್ನಾಯುಗಳು ನಡುಗಿ ಕಾವು ಹುಟ್ಟಿಸುತ್ತವೆ.

ಇಷ್ಟಕ್ಕೇ ಮಣಿಯದ ರೋಗಾಣುವಿಗೆ ಎರಡನೆಯ ಪಡೆ ಬೇಕು, ಆದರೆ ಅದು ನಿಧಾನಿ. ಡೆಂಡ್ರಿಟಿಕ್ ಎಂಬ ಕಾವಲು ಕೋಶಗಳು ರೋಗಾಣುವಿನ ತುಣುಕನ್ನು ಹೊತ್ತು ಹತ್ತಿರದ ದುಗ್ಧರಸ ಗ್ರಂಥಿಗೆ, ಅಂದರೆ ಲಿಂಫ್ ನೋಡ್‌ಗೆ, ಹೋಗುತ್ತವೆ. ಅಲ್ಲಿ ಸುಳಿದಾಡುವ ಟಿ ಮತ್ತು ಬಿ ಕೋಶಗಳೆಂಬ ಅಸಂಖ್ಯ ಬಿಳಿ ರಕ್ತಕಣಗಳಲ್ಲಿ ಆ ನಿರ್ದಿಷ್ಟ ರೋಗಾಣುವಿಗೆ ಹೊಂದುವಂಥವು ತೀರ ವಿರಳ. ಅವು ಸಿಕ್ಕಿ, ಮತ್ತೆ ಮತ್ತೆ ವಿಭಜಿಸಿ ಸಾವಿರಾರಾಗುವಷ್ಟರಲ್ಲಿ ಹೆಚ್ಚುಕಡಿಮೆ ಒಂದು ವಾರ ಕಳೆದಿರುತ್ತದೆ. ಕುತ್ತಿಗೆಯ ಪಕ್ಕದಲ್ಲಿ ಕೈಗೆ ಸಿಗುವ ಗಂಟು ಈ ಗಡಿಬಿಡಿಯಲ್ಲಿ ಊದಿದ ಗ್ರಂಥಿಯೇ. ಬಳಿಕ ಬಿ ಕೋಶಗಳಿಂದ ಹುಟ್ಟಿದ ಪ್ರತಿಕಾಯಗಳೆಂಬ ಪ್ರೋಟೀನ್‌ಗಳು ರಕ್ತದಲ್ಲಿರುವ ರೋಗಾಣುಗಳಿಗೆ ಅಂಟಿಕೊಳ್ಳುತ್ತವೆ, ಕೆಲವು ಟಿ ಕೋಶಗಳು ವೈರಸ್ ಅಡಗಿರುವ ನಮ್ಮದೇ ಕೋಶಗಳನ್ನು ಕೊಲ್ಲುತ್ತವೆ.

ಸೋಂಕು ಇಳಿದ ಮೇಲೆ ಈ ಕೋಶಗಳಲ್ಲಿ ಬಹುಪಾಲು ಸಾಯುತ್ತವೆ, ನೆನಪಿನ ಕೋಶಗಳಾಗಿ ಕೆಲವು ಉಳಿಯುತ್ತವೆ. ಆ ನೆನಪು ಎಷ್ಟು ದೀರ್ಘವೆಂಬುದಕ್ಕೆ ಉತ್ತರ ಅಟ್ಲಾಂಟಿಕ್ ಸಾಗರದ ಫ್ಯಾರೋ ದ್ವೀಪಗಳಿಗಿಂತ ಒಳ್ಳೆಯ ನಿದರ್ಶನ ನನಗೆ ತಿಳಿದಿಲ್ಲ. 1781ರಲ್ಲಿ ಅಲ್ಲಿಗೆ ಬಂದಿದ್ದ ದಡಾರ, 65 ವರ್ಷಗಳ ಬಳಿಕ 1846ರಲ್ಲಿ ಮರಳಿ ದ್ವೀಪವನ್ನೆಲ್ಲ ಆವರಿಸಿತು. ಬಾಲ್ಯದಲ್ಲಿ ಅದನ್ನು ಅನುಭವಿಸಿದ್ದ ವೃದ್ಧರು ಮಾತ್ರ ಕಾಯಿಲೆ ಬೀಳಲಿಲ್ಲವೆಂದು ಡೆನ್ಮಾರ್ಕಿನ ವೈದ್ಯ ಪೀಟರ್ ಪಾನುಮ್ ಬರೆದಿಟ್ಟರು. ಅದನ್ನು ವಿವರಿಸಬಲ್ಲ ವಿಜ್ಞಾನ ಆಗ ಹುಟ್ಟಿರಲಿಲ್ಲ. ಮೆಚ್ನಿಕಾಫ್ ಇನ್ನೂ ಒಂದು ವರ್ಷದ ಕೂಸು.